ಗುರುಲಿಂಗಪ್ಪ ಮಾಸ್ತರರಿಗೆ ಫೀಲ್ ಆಗಿಲ್ಲ

ಗುರುಲಿಂಗಪ್ಪ ಮಾಸ್ತರರಿಗೆ ಊರಲ್ಲಿ ವೈರಿಗಳು ಅಂತ ಯಾರೂ ಇರಲಿಲ್ಲ. ಇದ್ದ ಒಂದೇ ಒಂದು ವೈರಿ ಮನುಷ್ಯನಲ್ಲ, ಇಂಗ್ಲಿಷಿನ ಒಂದು ಕ್ರಿಯಾಪದ. ‘ಫೀಲ್’. ಚಿತ್ತಾಪುರದ ಹೈಸ್ಕೂಲೊಂದರಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿ, ನಿವೃತ್ತರಾಗಿ, ಸೇಡಂನಲ್ಲಿ ಮನೆ ಕಟ್ಟಿಸಿಕೊಂಡು ಕೂತ ಮೇಲೂ ಆ ವೈರ ತಣ್ಣಗಾಗಿರಲಿಲ್ಲ.

ಅವರ ತಕರಾರು ಸುಳ್ಳೇನಲ್ಲ. ಇಂಗ್ಲಿಷಿನವರ ಬಾಯಲ್ಲಿ ಫೀಲ್ ಅಂದರೆ ಅನಿಸುವುದು, ಮುಟ್ಟಿ ತಿಳಿಯುವುದು. ಚಳಿಯಾದರೂ ಫೀಲೇ, ಹಸಿವಾದರೂ ಫೀಲೇ, ಮಗ ಪಾಸಾದಾಗ ಆಗುವ ಸಂತೋಷವೂ ಫೀಲೇ. ಜೋಳದ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನುಣ್ಣಗಾಗಿದೆಯೋ ಇಲ್ಲವೋ ಅಂತ ನೋಡುತ್ತಾರಲ್ಲ, ಅದೂ ಫೀಲೇ. ನಮ್ಮ ಜನ ಏನು ಮಾಡಿದರು? ಇಡೀ ಹೊಲ ಬಿಟ್ಟು ಬದುವಿನ ಮೇಲೆ ಹೋಗಿ ಕೂತರು. ಆ ಶಬ್ದಕ್ಕೆ ಒಂದೇ ಅರ್ಥ ಉಳಿಸಿಕೊಂಡರು, ಮನಸ್ಸಿಗೆ ಹತ್ತಿ ನೋಯುವುದು. ಚಹಾಕ್ಕೆ ಕರೆಯದಿದ್ದರೆ ಫೀಲ್. ಕರೆದು, ಪಕ್ಕದವರಿಗೆ ಮೊದಲು ಕಪ್ಪು ಕೊಟ್ಟರೆ ಫೀಲ್. ಮೊಮ್ಮಗಳ ಹುಟ್ಟುಹಬ್ಬದ ಸ್ಟೇಟಸ್ ನೋಡಿಯೂ ಸುಮ್ಮನಿದ್ದರೆ ಫೀಲ್. ವಾಡಿ ಸ್ಟೇಷನ್ನಿನಲ್ಲಿ ಯಾರೋ ಯಾರನ್ನೋ ನೋಡದ ಹಾಗೆ ಹೋದರೆ, ಶಹಾಬಾದ್‌ನಲ್ಲಿ ಕೂತವರಿಗೂ ಫೀಲ್.

“ಏನ್ ಫೀಲ್ ಆಯ್ತು? ಬರೇ ಫೀಲ್ ಅಂದ್ರ ಏನು? ಊಟ ಅಂದ್ರ ರೊಟ್ಟಿನೋ ಅನ್ನಾನೋ ಹೇಳಬೇಕಲ್ಲ!” ಅಂತ ಮಾಸ್ತರರು ತರಗತಿಯಲ್ಲಿ ಮೇಜು ಗುದ್ದುತ್ತಿದ್ದರು. ಹುಡುಗರು ಹೂಂ ಅನ್ನುತ್ತಿದ್ದರು. ಗಂಟೆ ಹೊಡೆದ ಮೇಲೆ ಹೊರಗೆ ಹೋಗಿ, “ಸರ್ ಇವತ್ತ ಭಾಳ ಬೈದ್ರಲೇ, ನಂಗ ಫೀಲ್ ಆಯ್ತು” ಅನ್ನುತ್ತಿದ್ದರು.

ಇಂಥವರಿಗೇ ಆಗಬೇಕಾ ಅದು? ಆಗಬಾರದಿತ್ತು. ಆದರೆ ಆಯಿತು. ಎಲ್ಲರೆದುರು, ಮೈಕಿನ ಸಾಕ್ಷಿಯಾಗಿ ಆಯಿತು.

ಮಾಸ್ತರರಿಗೆ ಒಡಹುಟ್ಟಿದವಳು ಒಬ್ಬಳೇ ತಂಗಿ, ನೀಲಾಬಾಯಿ. ಚಿಂಚೋಳಿ ತಾಲೂಕಿನ ಐನಾಪುರಕ್ಕೆ ಕೊಟ್ಟಿದ್ದರು. ಮಗ ಸಿದ್ದಲಿಂಗೇಶ ಇನ್ನೂ ಸ್ಲೇಟು ಹಿಡಿಯುವ ವಯಸ್ಸಿನಲ್ಲಿದ್ದಾಗಲೇ ಗಂಡ ಹೋದ. ಆ ಹುಡುಗನ ಕೈ ಹಿಡಿದು ಅಕ್ಷರ ತಿದ್ದಿಸಿದವರು ಈ ಮಾವನೇ. ಪ್ರತಿ ಬೇಸಿಗೆ ರಜೆಯೂ ಅವನಿಗೆ ಮಾವನ ಮನೆಯಲ್ಲೇ ಕಳೆಯುತ್ತಿತ್ತು. ಈಗ ಅವನು ತೊಗರಿ ಹೊಲವನ್ನೂ ಚಿಂಚೋಳಿಯಲ್ಲೊಂದು ಬೀಜ-ಗೊಬ್ಬರದ ಅಂಗಡಿಯನ್ನೂ ನೋಡಿಕೊಂಡು ಚೆನ್ನಾಗಿದ್ದಾನೆ. ಈ ಬೇಸಿಗೆಯಲ್ಲಿ ಅವನ ಮದುವೆ ಆಯಿತು. ಹುಡುಗಿ ಗುಂಡಗುರ್ತಿಯವಳು, ಭಾಗ್ಯಶ್ರೀ.

ಅವರ ಮನೆತನದಲ್ಲಿ ಅಕ್ಷತೆ ಬಿದ್ದ ಮೇಲೆ ಆಯೇರಿ. ಬಂಧು-ಬಳಗಕ್ಕೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವ ಕೆಲಸ. ಅದರಲ್ಲಿ ಮೊದಲ ಮರ್ಯಾದೆ ಸೋದರಮಾವನದು. ಅವನ ತಲೆಗೆ ರುಮಾಲು ಸುತ್ತಿ, ಹೆಗಲಿಗೆ ಶಾಲು ಹೊದಿಸಿದ ಮೇಲೆಯೇ ಮಿಕ್ಕವರದು. ಮಾಸ್ತರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮುಂದಿನ ಸಾಲಿನಲ್ಲಿ ಕೂತು, ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಹೆಂಡತಿ ರಾಜೇಶ್ವರಿಯ ಕೈಗೆ ಕೊಟ್ಟಿದ್ದರು. ಇದ್ದ ನಾಲ್ಕು ಕೂದಲನ್ನು ಅಂಗೈಯಿಂದ ಸವರಿಕೊಂಡು, ಯಾವುದೇ ಕ್ಷಣ ಹೆಸರು ಕೂಗುತ್ತಾರೆ ಅಂತ ಮೊಣಕಾಲಿನ ಮೇಲೆ ಕೈಯೂರಿ ತಯಾರಾಗಿದ್ದರು.

ಅಷ್ಟರಲ್ಲಿ ಹೊರಗೆ ಗಾಡಿಗಳು ಬಂದು ನಿಂತವು. ಯಾರೂ ಬರುತ್ತಾರೆಂದುಕೊಳ್ಳದ ಒಬ್ಬ ಲೀಡರ್ ಸಾಹೇಬರು ಹಿಂಬಾಲಕರ ಸಮೇತ ಒಳಗೆ ಬಂದರು. ಮಂಟಪವೆಲ್ಲ ಎದ್ದು ನಿಂತಿತು. ಮೈಕು ಹಿಡಿದಿದ್ದವನು ನೀಲಾಬಾಯಿಯ ಮೈದುನನ ಮಗ ಅಶೋಕಕುಮಾರ. ಅವನು ಒಂದು ಗಳಿಗೆ ಸ್ಟೇಜಿನ ಹಿಂದೆ ಓಡಿಹೋಗಿ ಬಂದು, “ನಮ್ಮೆಲ್ಲರ ನೆಚ್ಚಿನ ಸಾಹೇಬ್ರಿಗೆ ಕುಟುಂಬದ ವತಿಯಿಂದ” ಅಂತ ಶುರುಮಾಡಿದ. ಸೋದರಮಾವನ ರುಮಾಲು ಸಾಹೇಬರ ತಲೆಗೇರಿತು. ಸೋದರಮಾವನ ಶಾಲು ಸಾಹೇಬರ ಹೆಗಲಿಗೇರಿತು. ಫೋಟೋ ಆಯಿತು. ಆಮೇಲೆ ಬೀಗರದು, ಭಾವಂದಿರದು, ಅವರದು, ಇವರದು ಗಡಿಬಿಡಿಯಲ್ಲಿ ಮುಗಿಯಿತು.

“ಇನ್ನ ಎಲ್ಲಾರೂ ಊಟಕ್ಕ ಏಳ್ರಿ!” ಅಂತ ಮೈಕು ಒದರಿತು. ಜನ ಎದ್ದರು. ಬೋಳು ತಲೆಯ ಮಾಸ್ತರರೊಬ್ಬರೇ ಮುಂದಿನ ಸಾಲಿನಲ್ಲಿ ಕೂತೇ ಇದ್ದರು. ರಾಜೇಶ್ವರಿ ಟೊಪ್ಪಿಗೆ ಅವರ ಕೈಗಿಟ್ಟಳು. ಅದನ್ನು ಹಾಕಿಕೊಂಡು, ಊಟದ ಪಂಕ್ತಿಯ ಕಡೆ ತಿರುಗಿಯೂ ನೋಡದೆ, ಪಕ್ಕದ ಬಾಗಿಲಿನಿಂದ ನೇರ ಬಸ್‌ಸ್ಟ್ಯಾಂಡಿಗೆ ನಡೆದರು.

ಬಸ್ಸಿನಲ್ಲಿ ರಾಜೇಶ್ವರಿ ಅಂದಳು: “ನಿಮಗ ಫೀಲ್ ಆಗ್ಯಾದ.”

“ನಾನ್ಸೆನ್ಸ್!” ಅಂದರು ಮಾಸ್ತರರು. “ನನಗ ಹೊಟ್ಟಿ ಸರಿ ಇಲ್ಲ. ಅದಕ್ಕ ಉಣ್ಣಲಿಲ್ಲ. ಮಾತಿಗೊಮ್ಮೆ ಫೀಲ್ ಫೀಲ್ ಅನಬ್ಯಾಡ.”

ಮರುದಿನದಿಂದ ಫೋನು. ವಾಡಿಯಿಂದ ಷಡ್ಡಕ, ಗುಂಡಗುರ್ತಿಯಿಂದ ಹೊಸ ಬೀಗರು, ಎಲ್ಲರದೂ ಒಂದೇ ರಾಗ: “ಮಾಸ್ತರ್ರೇ, ಹುಡುಗರು, ಗಡಿಬಿಡ್ಯಾಗ ಆಗ್ಯಾದ, ಫೀಲ್ ಆಗಬ್ಯಾಡ್ರಿ.” ಸಿದ್ದಲಿಂಗೇಶನಂತೂ ತಾನೇ ಫೋನ್ ಹಚ್ಚಿದ. “ಮಾಮಾ, ಭಾಳ ತಪ್ಪಾಗ್ಯಾದ. ನೀವು ಫೀಲ್ ಮಾಡ್ಕೋಬ್ಯಾಡ್ರಿ.”

“ಏನ್ ತಪ್ಪು? ಏನಾಗ್ಯಾದ?” ಅಂದರು ಮಾಸ್ತರರು, ಹಳೆಯ ತರಗತಿಯ ದನಿಯಲ್ಲಿ. “ಏನೂ ಆಗಿಲ್ಲ. ಆರಾಮ ಇರ್ರಿ.”

ನೋಡಿ, ಇದೇ ಮೋಸ. ಬೈದರೆ ಬೈಸಿಕೊಳ್ಳಬಹುದು. ಅತ್ತರೆ ಸಮಾಧಾನ ಮಾಡಬಹುದು. ಏನೂ ಆಗಿಲ್ಲ ಅನ್ನುವ ಮನುಷ್ಯನ ಮುಂದೆ ಕೈ ಮುಗಿದುಕೊಂಡು ಎಷ್ಟು ಹೊತ್ತು ನಿಲ್ಲುವುದು? ಸಿದ್ದಲಿಂಗೇಶ ಫೋನ್ ಮಾಡುವುದನ್ನು ಬಿಟ್ಟ. ನೀಲಾಬಾಯಿ ಸಂಜೆ ಸಂಜೆ ಫೋನ್ ಹಚ್ಚುತ್ತಿದ್ದಳು. “ಅಣ್ಣಾ, ಉಂಡ್ಯಾ?” ಅನ್ನುತ್ತಿದ್ದಳು. “ಉಂಡೆ.” ಆಮೇಲೆ ಅತ್ತಿಗೆಯ ಸುದ್ದಿ: “ವೈನಿ ಹ್ಯಾಂಗಿದ್ದಾಳ?” “ಛಲೋ ಇದ್ದಾಳ.” ಅಲ್ಲಿಗೆ ಮುಗಿಯುತ್ತಿತ್ತು.

ಮುಗಿಯದಿದ್ದದ್ದು ಇನ್ನೊಂದಿತ್ತು. ಹೊಸ ಮದುಮಕ್ಕಳಿಗೆ ಮೊದಲ ಊಟ ಸೋದರಮಾವನ ಮನೆಯಲ್ಲಿ. ಅದು ಆಗುವ ತನಕ ಆ ಬಳಗದಲ್ಲಿ ಬೇರೆ ಯಾರೂ ಅವರನ್ನು ಊಟಕ್ಕೆ ಕರೆಯುವುದಿಲ್ಲ. ಅದನ್ನೂ ಫೋನಿನಲ್ಲಿ ಕರೆಯುವ ಹಾಗಿಲ್ಲ. ಮನೆಗೆ ಹೋಗಿ, ಕುಂಕುಮ ಹಚ್ಚಿ, ಬಾಯಿ ತುಂಬ ಕರೆಯಬೇಕು. ಮಾಸ್ತರರು ಹೋಗಲೇ ಇಲ್ಲ. ಇವತ್ತು ಬಿಸಿಲು, ನಾಳೆ ಪೆನ್ಷನ್ ಕೆಲಸ, ನಾಡಿದ್ದು ಮೈಗೆ ಸರಿಯಿಲ್ಲ. ಆಷಾಢ ಬಾಗಿಲಿಗೆ ಬಂದಿತ್ತು. ಆಷಾಢ ಹಿಡಿದರೆ ಭಾಗ್ಯಶ್ರೀ ತವರಿಗೆ ಹೋಗುತ್ತಾಳೆ. ಅಷ್ಟರೊಳಗೆ ಕರೆಯದಿದ್ದರೆ ಬಳಗಕ್ಕೆಲ್ಲ ಗೊತ್ತಾಗುವುದು ಒಂದೇ ಮಾತು: ನೀಲಾಬಾಯಿಯ ತವರು ಮುಗಿಯಿತು. ಅಪ್ಪ ಇಲ್ಲ, ಅವ್ವ ಇಲ್ಲ, ಗಂಡನೂ ಇಲ್ಲದ ಹೆಂಗಸಿಗೆ ಇದ್ದದ್ದು ಆ ಒಂದು ಬಾಗಿಲು. ಮಾಸ್ತರರಿಗೂ ಅದು ಗೊತ್ತಿತ್ತು. ದಿನಾ ಬೆಳಿಗ್ಗೆ ಎದ್ದು ಇವತ್ತು ಹೋಗಬೇಕು ಅಂದುಕೊಳ್ಳುತ್ತಿದ್ದರು. ಅಂಗಿ ಹಾಕಿಕೊಳ್ಳುವಾಗ ಮಂಟಪದ ಮುಂದಿನ ಸಾಲು ಕಣ್ಣಿಗೆ ಬರುತ್ತಿತ್ತು. ಅಂಗಿ ಮತ್ತೆ ಗೂಟಕ್ಕೆ ಹೋಗುತ್ತಿತ್ತು.

ಇಂಥ ಹೊತ್ತಿನಲ್ಲಿ ಒಂದು ಭಾನುವಾರ ಜಬೀನಾ ಬಂದಳು. ಮಾಸ್ತರರ ಹಳೆಯ ವಿದ್ಯಾರ್ಥಿನಿ, ಈಗ ಶಹಾಬಾದ್‌ನಲ್ಲಿ ತಾನೇ ಇಂಗ್ಲಿಷ್ ಟೀಚರು. ತನ್ನ ಮಕ್ಕಳಿಗಾಗಿ ದಿನಬಳಕೆಯ ಕ್ರಿಯಾಪದಗಳ ಪಾಠ ಬರೆದುಕೊಂಡು, ಗುರುಗಳ ಕಣ್ಣಿಗೆ ಹಾಕಲು ತಂದಿದ್ದಳು. ಯಾವ ಕ್ರಿಯಾಪದ ಅಂತ ಬೇರೆ ಹೇಳಬೇಕೆ?

ಮಾಸ್ತರರು ಓದಿದರು. ಮುಟ್ಟಿ ನೋಡುವುದು, ಸರಿ. ಚಳಿ, ಬಿಸಿಲು, ಸರಿ. ಹೀಗನಿಸುತ್ತದೆ ಎನ್ನುವುದು, ಅದೂ ಸರಿ. ಕೊನೆಗೆ ಜಬೀನಾ ಬರೆದಿದ್ದಳು: ನಮ್ಮ ಕಡೆ ಇದಕ್ಕೆ ನಮ್ಮವರಿಂದ ಮನಸ್ಸಿಗೆ ಹತ್ತುವುದು ಅಂತಲೂ ಅರ್ಥ.

ಮಾಸ್ತರರ ಕೆಂಪು ಪೆನ್ನು ಆ ಸಾಲಿನ ಮೇಲೆ ಪರಪರ ಓಡಿತು. “ನಿಂಗೂ ಯಾರರೆ ಹೇಳಿ ಕಳಿಸ್ಯಾರೇನು? ಮದುವಿ ಸುದ್ದಿ ಶಹಾಬಾದ್ ತನಕ ಬಂತೋ?”

“ಯಾ ಮದುವಿ ಸರ್?” ಅಂದಳು ಜಬೀನಾ. ಪಾಪ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಒಳಗಿನಿಂದ ಚಹಾ ತಂದ ರಾಜೇಶ್ವರಿ ಅಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ರುಮಾಲು, ಶಾಲು, ಸಾಹೇಬರು, ಒಂದನ್ನೂ ಬಿಡಲಿಲ್ಲ. ಮಾಸ್ತರರು ಕಿಟಕಿಯ ಕಡೆ ಮುಖ ಮಾಡಿ ಕೂತರು.

ಜಬೀನಾ ಚಹಾದ ಕಪ್ಪು ಕೆಳಗಿಟ್ಟಳು. “ಸರ್, ನಮ್ಮ ಅಮ್ಮಿ ಸಾಲಿ ಮೆಟ್ಟಿಲು ಹತ್ತಿಲ್ಲ. ಆಕೀನೂ ಉರ್ದುವಿನಾಗ ‘ಫೀಲ್ ನಕ್ಕೋ ಕರೋ’, ಫೀಲ್ ಮಾಡ್ಕೋಬ್ಯಾಡ ಅಂತಾಳ. ಯಾಕಂತಾಳ?”

“ಇಂಗ್ಲಿಷಿನ ಚಟ. ನಮ್ಮ ಮಾತಿನಾಗ ಶಬ್ದ ಇಲ್ಲೇನು?”

“ಹೇಳ್ರಿ ಸರ್. ನಾ ಅದನ್ನೇ ಬರ್ಕೋತೀನಿ.”

“ಸಿಟ್ಟು.”

“ಸಿಟ್ಟಂದ್ರ ಜಗಳಕ್ಕ ಹೋಗ್ತದ ಸರ್. ನೀವು ಜಗಳಾಡಿಲ್ಲಲ್ಲ.”

“ದುಃಖ ಅನ್ನು ಹಂಗಾದ್ರ.”

“ಒಂದು ಶಾಲಿಗೆ ದುಃಖ ಅಂದ್ರ ಮಂದಿ ನಗ್ತಾರ ಸರ್.”

“ಬ್ಯಾಸರ.”

“ಕರೆಂಟ್ ಹೋದ್ರೂ ಬ್ಯಾಸರ ಆಗ್ತದ.”

ಮಾಸ್ತರರಿಗೆ ಸಿಟ್ಟು ಮೂಗಿನ ತುದಿಗೆ ಬಂತು. “ಅವಮಾನ!” ಅಂದರು.

ಜಬೀನಾ ತಲೆ ಅಲ್ಲಾಡಿಸಿದಳು. “ಅವಮಾನ ವೈರಿ ಮಾಡ್ಬೇಕು ಸರ್. ನಮ್ಮವರು ಅವಮಾನ ಮಾಡಲ್ಲ, ಮರೀತಾರ. ಅದಕ್ಕೇ ಮಂದಿ ಈ ಶಬ್ದ ಹಿಡಕೊಂಡಾರಂತ ಕಾಣ್ತದ. ಸಣ್ಣ ಶಬ್ದ. ಎದುರಿಗೆ ಹೇಳಿದ್ರೂ ಸಂಬಂಧ ಕೆಡಲ್ಲ. ಹೇಳದಿದ್ರ ಮಾತ್ರ ಕೆಡ್ತದ.”

ಮಾಸ್ತರರು ಪಾಠದ ಹಾಳೆಗಳನ್ನು ಮಡಚಿ ಅವಳ ಕೈಗಿಟ್ಟರು. ಅವಳು ನಮಸ್ಕಾರ ಮಾಡಿ ಹೋದಳು. ಆ ದಿನವೂ ಅಂಗಿ ಗೂಟದಲ್ಲೇ ಇತ್ತು.

ಆಷಾಢಕ್ಕೆ ಇನ್ನೇನು ಎರಡು ದಿನವಿದೆ ಅನ್ನುವಾಗ ನೀಲಾಬಾಯಿ ತಾನೇ ಬಂದಳು. ಮಧ್ಯಾಹ್ನದ ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದಿದ್ದಳು, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಕುಂದ್ರು ಅನ್ನುವ ಮೊದಲೇ ಗಂಟು ಬಿಚ್ಚಿದಳು. ಹೊಸ ರುಮಾಲು, ಹೊಸ ಶಾಲು. ಮದುವೆಯಲ್ಲಿ ಕೊಟ್ಟದ್ದಕ್ಕಿಂತ ಭಾರಿ ಜರಿ.

“ಇದೆಲ್ಲ ಯಾಕ?” ಅಂದರು ಮಾಸ್ತರರು.

“ನಿನ್ನದು ನಿನಗ ಮುಟ್ಟಬೇಕಲ್ಲ ಅಣ್ಣಾ.”

“ನನಗ ಏನಾಗ್ಯಾದ ಅಂತ ತಂದಿ? ಏನೂ ಆಗಿಲ್ಲ. ತಗೊಂಡು ಹೋಗು.”

“ಏನೂ ಆಗಿಲ್ಲಂದ್ರ ನಮ್ಮ ಹುಡುಗರನ್ನ ಊಟಕ್ಕ ಯಾಕ ಕರ್ದಿಲ್ಲ?”

“ಬಿಸಿಲು ನೋಡು ಹ್ಯಾಂಗದ. ಮ್ಯಾಲ ನಿಮ್ಮ ವೈನಿಗೆ ಮೊಣಕಾಲ ನೋವು...”

“ನನ್ನ ಮೊಣಕಾಲು ಗಟ್ಟಿ ಅದಾವ!” ಅಂತ ಅಡುಗೆಮನೆಯಿಂದ ರಾಜೇಶ್ವರಿಯ ದನಿ ಬಂತು. “ನಿಮ್ಮ ನಡುವ ನನ್ನ ಕಾಲು ತರಬ್ಯಾಡ್ರಿ!”

ಯಾರೂ ನಗಲಿಲ್ಲ. ನೀಲಾಬಾಯಿ ಶಾಲು ಮಡಚತೊಡಗಿದಳು. “ಬೈ ಅಣ್ಣಾ. ಬಾಯಿಗೆ ಬಂದಂಗ ಬೈ. ಒಂದು ಹೊಡಿ ಬೇಕಾದ್ರ. ನೀ ನಕ್ಕೋತ ಏನೂ ಆಗಿಲ್ಲ ಅಂದ್ರ ನಾ ಯಾವ ಗ್ವಾಡಿಗೆ ತಲಿ ಬಡ್ಕೊಳ್ಳಲಿ? ಬಾಗಿಲಾ ಹಾಕೀದಿ, ಹಾಕಿಲ್ಲ ಅಂತೀದಿ. ಆತು. ಇನ್ನ ಯಾರರೆ ಕೇಳಿದ್ರ ನನಗ ತವರಿಲ್ಲ ಅಂತ ಹೇಳ್ತೀನಿ.”

ಗಂಟು ಕಟ್ಟಿಕೊಂಡು ಎದ್ದಳು. ರಾಜೇಶ್ವರಿ ತಂದ ನೀರನ್ನೂ ಮುಟ್ಟಲಿಲ್ಲ. ತವರಿಗೆ ಬಂದ ಹೆಣ್ಣು ನೀರೂ ಕುಡಿಯದೆ ಹೊರಟುಹೋಗುವುದೆಂದರೆ! ರಾಜೇಶ್ವರಿ ಆ ನೀರಿನ ಚೆಂಬು ಹಿಡಿದುಕೊಂಡೇ ಗಂಡನ ಮುಂದೆ ಬಂದು ನಿಂತಳು.

“ಊರ ಮಂದಿಗೆಲ್ಲ ಇಂಗ್ಲಿಷ್ ಕಲಿಸಿದ್ದು ಸಾಕು. ಹೋಗಿ ಒಂದು ಖರೇ ಮಾತು ಆಡ್ರಿ. ಆಡದಿದ್ರ ಇವತ್ತ ನಿಮಗ ಈ ಮನ್ಯಾಗ ರೊಟ್ಟಿ ಇಲ್ಲ.”

ಮಾಸ್ತರರು ಮನೆಯ ಚಪ್ಪಲಿಯಲ್ಲೇ ಓಡಿದರು. ಓಡಿದರು ಅಂದರೆ ಆ ವಯಸ್ಸಿನವರು ಓಡುವ ಹಾಗೆ. ದಾರಿಯಲ್ಲಿ ಟಂಟಂ ಆಟೋದವನು ಕರೆದರೂ ಕೇಳಿಸಲಿಲ್ಲ. ತಂಗಿ ಇಲ್ಲದ ಮನೆ ಕಣ್ಣ ಮುಂದೆ ಬಂದು ಜೀವ ಬಾಯಿಗೆ ಬಂದಿತ್ತು. ಪಂಚಮಿಗೆ ಉಂಡಿ ಕಟ್ಟಿಕೊಂಡು ಬರುವವರಿಲ್ಲ, ಅಣ್ಣಾ ಉಂಡ್ಯಾ ಅಂತ ಕೇಳುವ ಫೋನಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಚಿಂಚೋಳಿ ಬಸ್ಸು ಚಾಲೂ ಆಗಿ ನಿಂತಿತ್ತು. ಹತ್ತಿ ನೋಡಿದರೆ ನೀಲಾಬಾಯಿ ಮುಂದಿನ ಕಿಟಕಿಯ ಸೀಟಿನಲ್ಲಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಮಾಸ್ತರರು ಪಕ್ಕದಲ್ಲಿ ಕೂತರು. ಉಸಿರು ತಹಬಂದಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

“ನೀಲಾ.”

ಆಕೆ ತಿರುಗಲಿಲ್ಲ.

“ನನಗ ಫೀಲ್ ಆಗ್ಯಾದ.”

ಈಗ ತಿರುಗಿದಳು. ಹುಟ್ಟಿದಾಗಿನಿಂದ ಅಣ್ಣನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

“ಭಾಳ ಫೀಲ್ ಆಗ್ಯಾದ. ಮುಂದಿನ ಸಾಲಿನಾಗ ತಲಿ ಬರಿದು ಮಾಡ್ಕೊಂಡು ಕುಂತಿದ್ದೆ. ಮಂದಿ ನೋಡಲಿಕತ್ತಿದ್ರು. ನನಗ ಶಾಲು ಬ್ಯಾಡಾಗಿತ್ತು, ನೀಲಾ. ಸಿದ್ದೂ ಒಂದು ಸಲ ನಮ್ಮ ಮಾಮಾ ಎಲ್ಲಿ ಅಂತ ಕೇಳ್ತಾನೇನೋ ಅಂತ ಕಾದೆ. ಕೇಳ್ಲಿಲ್ಲ. ಮನೀಗಿ ಬಂದು ಮಕ್ಕೊಂಡು ಅತ್ತೀನಿ. ನಿಮ್ಮ ವೈನಿಗೂ ಗೊತ್ತಿಲ್ಲ.”

ಬಸ್ಸು ಹೊರಟಿತು. ಇಬ್ಬರಿಗೂ ಅದು ಗಮನಕ್ಕೆ ಬರಲಿಲ್ಲ. ನೀಲಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

“ಅಶೋಕ ಮರ್ತಿದ್ದಿಲ್ಲ ಅಣ್ಣಾ,” ಅಂದಳು ಕೊನೆಗೆ. “ಅದು ನಾ ಮಾಡಿದ್ದು.”

“ಏನು?”

“ಗಂಡ ಇಲ್ಲದಾಕಿ ಮುಂದ ಯಾಕ ಅಂತ ನಾ ಸ್ಟೇಜಿನ ಹಿಂದೇ ನಿಂತಿದ್ದೆ. ಅಂವ ಓಡಿ ಬಂದ. ದೊಡ್ಡವ್ವಾ, ಸಾಹೇಬ್ರಿಗೆ ಹೊದಿಸ್ಲಿಕ್ಕ ಶಾಲಿಲ್ಲ, ಯಾರದು ಕೊಡ್ಲಿ ಅಂದ. ಬೀಗರದು ಕೊಟ್ರ ಬೀಗರು ಫೀಲ್ ಆಗ್ತಾರ. ಭಾವಗಳದು ಕೊಟ್ರ ನಾಳಿಂದ ಹೊಲಕ್ಕ ದಾರಿ ಬಿಡಲ್ಲ. ನಮ್ಮ ಅಣ್ಣಂದು ಕೊಡು, ಅಣ್ಣ ನಮ್ಮಾಂವ, ಏನೂ ಅನ್ಕೊಳ್ಳಂಗಿಲ್ಲ ಅಂದೆ. ನಾನೇ ಎತ್ತಿ ಕೊಟ್ಟೆ. ಈ ಕೈಲಿ.”

ಮಾಸ್ತರರಿಗೆ ಇದು ಮೊದಲಿನದಕ್ಕಿಂತ ಆಳಕ್ಕೆ ಹತ್ತಿತು. ಯಾರೋ ಹುಡುಗ ಮರೆತ ಅಂದುಕೊಂಡದ್ದು ಎಷ್ಟೋ ವಾಸಿಯಾಗಿತ್ತು. ಹಾಗೆಯೇ ಇನ್ನೊಂದೂ ತಿಳಿಯಿತು. ಅಷ್ಟು ದೊಡ್ಡ ಮಂಟಪದಲ್ಲಿ, ಅಷ್ಟು ಜನ ಬೀಗರು-ಬಿಜ್ಜರ ನಡುವೆ, ಆ ಹೆಣ್ಣುಮಗಳು ಕೇಳದೆ ಕೈ ಹಾಕಿ ತೆಗೆದುಕೊಳ್ಳಬಹುದಾದದ್ದು ಒಬ್ಬನೇ ಒಬ್ಬನದು. ಅದು ಅವರದು.

“ಹೇಳಬಾರ್ದಾಗಿತ್ತೇನು?” ಅಂದರು.

“ದಿನಾ ಫೋನ್ ಹಚ್ಚಿದ್ದು ಯಾಕಂದಿ? ನೀ ಏನೂ ಆಗಿಲ್ಲ, ಉಂಡೆ, ಮಕ್ಕೋತೀನಿ ಅಂತಿದ್ದಿ. ಏನೂ ಆಗಿಲ್ಲ ಅನ್ನಾಂವನ ಮುಂದ ಅದು ನಾ ಮಾಡಿದ್ದು ಅಂತ ಹ್ಯಾಂಗ ಬಾಯಿ ತೆಗೀಲಿ?”

ಕಂಡಕ್ಟರ್ ಬಂದ. ನೀಲಾಬಾಯಿ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ಪಡೆದಳು. “ಯಜಮಾನ್ರೇ, ನಿಮ್ದು?” ಅಂದ ಅವನು. ಮಾಸ್ತರರು ಆಗಲೇ ಹೊರಗೆ ನೋಡಿದ್ದು. ಸೇಡಂ ಹಿಂದಾಗಿ, ಎರಡೂ ಬದಿಗೆ ತೊಗರಿ ಬಿತ್ತಲು ಹರಗಿಟ್ಟ ಕಪ್ಪು ಹೊಲಗಳು ಓಡುತ್ತಿದ್ದವು.

“ಚಿಂಚೋಳಿ,” ಅಂದರು.

“ಅಯ್ಯ, ನೀ ಎಲ್ಲಿ ಬರ್ತಿ?” ನೀಲಾಬಾಯಿ ಗಾಬರಿಯಾದಳು. “ಮನ್ಯಾಗ ವೈನಿ ಒಬ್ಬಾಕಿ...”

“ಹುಡುಗರನ್ನ ಊಟಕ್ಕ ಕರೀಲಿಕ್ಕ. ನಾಳಿಗೇ ಬರ್ಬೇಕು ಇಬ್ಬರೂ. ನಿಮ್ಮ ಮನ್ಯಾಗ ಕುಂಕುಮ ಅದ ಇಲ್ಲ?”

“ಅದ.”

ಅಷ್ಟಂದು ನೀಲಾಬಾಯಿ ಅಣ್ಣನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಏನಾದರೂ ಒಡೆದು ಹಾಕಿ ಬಂದು ನಿಂತಾಗ ನೋಡುತ್ತಿದ್ದ ಅದೇ ನೋಟ.

“ಈಗ ಹೋಯ್ತೇನು ಅಣ್ಣಾ ಅದು?”

ಮಾಸ್ತರರು ಸುಳ್ಳು ಹೇಳಬೇಕೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿದರು.

“ಇಲ್ಲ. ಖರೇ ಹೇಳ್ಬೇಕಂದ್ರ ಈಗ ಜಾಸ್ತಿ ಆಗ್ಯಾದ. ಇನ್ನ ಭಾಳ ದಿನ ಇರ್ತದ. ನಿನ್ನ ನೋಡ್ದಾಗೊಮ್ಮೆ ಬೈತೀನಿ.”

“ಬೈ,” ಅಂದಳು ನೀಲಾಬಾಯಿ. ಅಳುತ್ತಲೇ ನಗು ಬಂದು, ಗಂಟನ್ನು ಎದೆಗೆ ಒತ್ತಿಕೊಂಡಳು. “ಬರ್ತೀನಿ, ಬೈಸ್ಕೊಂಡು ಹೋಗ್ತೀನಿ. ತವರಿಗೆ ಮತ್ಯಾಕ ಬರ್ತಾರ?”

ಮಾಸ್ತರರು ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು ಕೂತರು. ದಾರಿ ಕೆಟ್ಟಿತ್ತು, ಬಸ್ಸು ಭಾಳ ಕುಣಿಯುತ್ತಿತ್ತು.